ಅವ್ವನ ಹೆಸರಿಗೆ ಜಾಗ ಇಲ್ಲ

ತಿಕೋಟಾದ ಕಡೆಯ ಒಂದು ಶಾಲೆಗೆ ನನ್ನ ಹೆಸರು ಹಚ್ಚಲು ಹೋದಾಗ ಕೇಳಿದರು: "ಅಪ್ಪನ ಹೆಸರೇನು?" ಅವ್ವ ನೆಲ ನೋಡಿದಳು. ಮುತ್ತು ಕಟ್ಟಿಸಿಕೊಂಡ ದೇವದಾಸಿ ಆಕೆ; ಮಕ್ಕಳಿಗೆ ತಾನೇ ತಾಯಿ, ತಾನೇ ತಂದೆ.

ಬಿಜಾಪುರ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣಾ ಕಾಯ್ದೆ ಬಂತು. 1982ರಲ್ಲಿ ಕರ್ನಾಟಕದ ನಿಷೇಧ ಕಾಯ್ದೆ. ಮುತ್ತು ಕಟ್ಟಬ್ಯಾಡ್ರಿ ಅಂದವು. ಕಟ್ಟಿಸಿಕೊಂಡವಳ ಒಲೆಗೆ ತಿಂಗಳಿಗೆ ಇಷ್ಟು ರೊಕ್ಕ ಅಂತ ಗೊತ್ತುಮಾಡಲಿಲ್ಲ. ಮಾಸಾಶನ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಅದೂ 1993-94, 2007-08ರ ಸಮೀಕ್ಷೆಗಳಲ್ಲಿ ಹೆಸರಿದ್ದವರಿಗೆ. ಎಣಿಸುವವರು ಬಂದ ದಿನ ಗುಳೆ ಹೋದವಳು, ನಾಚಿ ಬಾಗಿಲು ಹಾಕಿಕೊಂಡವಳು ಪಟ್ಟಿಯ ಹೊರಗೇ ಉಳಿದಳು.

ಅಪ್ಪನ ಹೆಸರು ಕಡ್ಡಾಯವಲ್ಲ ಎಂದು ವಿಧಾನಮಂಡಲ ಒಪ್ಪಲು 2025 ಬರಬೇಕಾಯ್ತು. ಗೆಳೆಯರೇ, ನಿಮ್ಮೂರಾಗ ಪಟ್ಟಿಗೆ ಬಾರದ ಅವ್ವಂದಿರ ಹೆಸರು ಮೊದಲು ಬರಕೊಳ್ರಿ.