ಆಲೂಗೆಡ್ಡೆಯ ನಂಜುರೋಗ: ತಳಿಯ ಮುಪ್ಪಿನಿಂದ ಹೇನಿನ ಋತುವಿನವರೆಗೆ

ಆಲೂಗೆಡ್ಡೆಯನ್ನು ರೈತರು ಬೆಳೆಯುವುದು ಗೆಡ್ಡೆಯಿಂದಲೇ. ಹಿಂದಿನ ಬೆಳೆಗೆ ನಂಜಾಣು ಹತ್ತಿದ್ದರೆ ಅದು ಗೆಡ್ಡೆಯೊಳಗೆ ಉಳಿದು ಮುಂದಿನ ಬೆಳೆಗೆ ದಾಟುತ್ತದೆ. ವರ್ಷದಿಂದ ವರ್ಷಕ್ಕೆ ರೋಗದ ಗಿಡಗಳು ಹೆಚ್ಚಿ ಇಳುವರಿ ಕುಸಿಯುತ್ತದೆ. ಈ ಕುಸಿತದ ಕಾರಣ ತಿಳಿಯಲು ಸುಮಾರು 150 ವರ್ಷ ಹಿಡಿಯಿತು. ಆದರೆ ಕಾರಣ ತಿಳಿಯುವ ಎಷ್ಟೋ ಮೊದಲೇ ಬೆಳೆಗಾರರು ಪರಿಹಾರದ ಸುಳಿವು ಹಿಡಿದಿದ್ದರು. ಆ ಅನುಭವಕ್ಕೆ ವಿಜ್ಞಾನದ ವಿವರಣೆ ಸಿಕ್ಕ ಮೇಲೆಯೇ ರೋಗಮುಕ್ತ ಬಿತ್ತನೆಯ ವ್ಯವಸ್ಥೆ ಬೆಳೆಯಿತು ಎಂಬುದು ಈ ಲೇಖನದ ವಾದ.

ಮುಪ್ಪಿನ ಸಿದ್ಧಾಂತ

18ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಮೊದಲಾದ ಸೀಮೆಗಳಲ್ಲಿ ‘ಕರ್ಲ್’ ಎಂಬ ರೋಗ ಬೆಳೆಯನ್ನು ಹಾಳುಗೆಡವಿತು. ಎಲೆ ಮುದುಡಿ, ಗಿಡ ಗಿಡ್ಡವಾಗಿ, ಗೆಡ್ಡೆ ಸಣ್ಣದಾಗುತ್ತಿತ್ತು. ಮರ, ಪ್ರಾಣಿಗಳಂತೆ ತಳಿಗೂ ಆಯಸ್ಸಿದೆ, ಗೆಡ್ಡೆಯಿಂದಲೇ ಮತ್ತೆ ಮತ್ತೆ ಬೆಳೆದರೆ ಅದಕ್ಕೆ ಮುಪ್ಪು ಬರುತ್ತದೆ ಎಂದು ತೋಟಗಾರಿಕಾ ವಿದ್ವಾಂಸ ಥಾಮಸ್ ಆಂಡ್ರ್ಯೂ ನೈಟ್ ಮೊದಲಾದವರು ನಂಬಿದ್ದರು. ಕಾಯಿಯ ಬೀಜದಿಂದ ಹೊಸ ತಳಿ ಎಬ್ಬಿಸುವುದೇ ಅವರು ಕಂಡ ಪರಿಹಾರ. ಬೀಜದಿಂದ ಎದ್ದ ಸಸಿಗಳು ಚೆನ್ನಾಗಿಯೇ ಬರುತ್ತಿದ್ದುದರಿಂದ ಈ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಹೆಚ್ಚಿನ ಆಲೂ ನಂಜಾಣುಗಳು ಬೀಜದ ಮೂಲಕ ದಾಟುವುದಿಲ್ಲ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ರೈತರ ಅನುಭವ ಬೇರೆಯದನ್ನು ಹೇಳುತ್ತಿತ್ತು. ಸ್ಕಾಟ್ಲೆಂಡಿನಿಂದಲೋ ಎತ್ತರದ ಚಳಿ ಪ್ರದೇಶದಿಂದಲೋ ತಂದ ಬಿತ್ತನೆ ಗೆಡ್ಡೆ, ಅದೇ ತಳಿಯದಾದರೂ, ಆರೋಗ್ಯವಾಗಿ ಬೆಳೆಯುತ್ತಿತ್ತು. ಪೂರ್ತಿ ಬಲಿಯುವ ಮೊದಲೇ ಕಿತ್ತ ಗೆಡ್ಡೆಯ ಬೆಳೆಗೆ ರೋಗ ಕಡಿಮೆ ಎಂಬುದನ್ನೂ 19ನೆಯ ಶತಮಾನದ ಆರಂಭದಲ್ಲೇ ಗಮನಿಸಲಾಗಿತ್ತು. ತಳಿಯ ವಯಸ್ಸೇ ಕಾರಣವಾಗಿದ್ದರೆ ಊರು ಬದಲಾದ ಮಾತ್ರಕ್ಕೆ ಫಲ ಬದಲಾಗುವಂತಿರಲಿಲ್ಲ.

ಹೇನಿನ ಪತ್ತೆ

1905ರಲ್ಲಿ ಜರ್ಮನಿಯ ಒಟ್ಟೊ ಆಪೆಲ್ ಎಲೆ ಸುರುಳಿ ರೋಗವನ್ನು ಪ್ರತ್ಯೇಕವಾಗಿ ಗುರುತಿಸಿದರು. ಈ ರೋಗದ ಗೆಡ್ಡೆಯಿಂದ ಎದ್ದ ಗಿಡದಲ್ಲಿ ಮೊದಲು ಬುಡದ ಎಲೆಗಳು ಅಂಚಿನಿಂದ ಮೇಲಕ್ಕೆ ಸುರುಳುತ್ತವೆ. ತೊಗಲಿನಂತೆ ದಪ್ಪವಾಗಿ, ಕೈಯಾಡಿಸಿದರೆ ಸರಸರ ಸದ್ದು ಮಾಡುತ್ತವೆ. ಎಲೆಯಲ್ಲಿ ತಯಾರಾದ ಪಿಷ್ಟ ಗೆಡ್ಡೆಗೆ ಇಳಿಯದೆ ಅಲ್ಲೇ ಉಳಿಯುವುದೇ ಇದಕ್ಕೆ ಕಾರಣ. ನೆದರ್ಲೆಂಡ್ಸಿನ ವಾಗೆನಿಂಗೆನ್‌ನಲ್ಲಿ ಕ್ವಾನ್ಯರ್ 1913ರಲ್ಲಿ ಇಂಥ ಗಿಡಗಳ ಆಹಾರನಾಳ ಸತ್ತಿರುವುದನ್ನು ವಿವರಿಸಿದರು. ಮುಂದೆ ಕಸಿ ಕಟ್ಟಿ, ರೋಗ ಗಿಡದಿಂದ ಗಿಡಕ್ಕೆ ಅಂಟುತ್ತದೆ ಎಂದು ತೋರಿಸಿಕೊಟ್ಟರು. ಮುಪ್ಪಿನ ವಾದ ಇಲ್ಲಿಗೆ ಮುರಿದುಬಿತ್ತು. 1920ರಲ್ಲಿ ಅದೇ ದೇಶದ ಊರ್ಟ್ವೈನ್ ಬೋಟ್ಯೆಸ್, ರೋಗ ಹರಡುವುದು ಸಸ್ಯಹೇನು ಎಂದು ಸಾಬೀತುಪಡಿಸಿದರು. 1931ರಲ್ಲಿ ಕೇಂಬ್ರಿಜ್‌ನ ಕೆನೆತ್ ಸ್ಮಿತ್, ಒಂದೇ ರೋಗವೆಂದುಕೊಂಡಿದ್ದ, ಎಲೆಯಲ್ಲಿ ತಿಳಿ-ಗಾಢ ಮಚ್ಚೆ ಮೂಡಿಸುವ ಮೊಸಾಯಿಕ್‌ನಲ್ಲಿ ಎಕ್ಸ್ ಮತ್ತು ವೈ ಎಂಬ ಎರಡು ನಂಜಾಣುಗಳಿರುವುದನ್ನು ಬೇರ್ಪಡಿಸಿ ತೋರಿಸಿದರು.

ಹರಡುವ ಬಗೆಯೂ ಒಂದೊಂದರದು ಒಂದೊಂದು. ಎಕ್ಸ್ ನಂಜಾಣು ಗಿಡಕ್ಕೆ ಗಿಡ ತಾಗಿದರೆ, ಗೆಡ್ಡೆ ಕೊಯ್ಯುವ ಚಾಕುವಿಗೆ ರಸ ಅಂಟಿದರೆ ಸಾಕು, ಹರಡುತ್ತದೆ. ಎಲೆ ಸುರುಳಿ ನಂಜಾಣುವನ್ನು ಪಡೆಯಲು ಹೇನು ಬಹಳ ಹೊತ್ತು ರಸ ಹೀರಬೇಕು. ಒಮ್ಮೆ ಪಡೆದರೆ ಬದುಕಿರುವವರೆಗೂ ಹರಡಬಲ್ಲದು. ವೈ ನಂಜಾಣು ಹೇನಿನ ಬಾಯಿಗೆ ಕೆಲವೇ ಸೆಕೆಂಡುಗಳಲ್ಲಿ ಅಂಟಿ ಪಕ್ಕದ ಗಿಡಕ್ಕೆ ದಾಟಿಬಿಡುತ್ತದೆ. ಹೀಗಾಗಿ ಕೀಟನಾಶಕ ಎಲೆ ಸುರುಳಿಯನ್ನು ತಡೆದಷ್ಟು ವೈ ನಂಜಾಣುವನ್ನು ತಡೆಯಲಾರದು. ಔಷಧಿಗೆ ಹೇನು ಸಾಯುವ ಹೊತ್ತಿಗೆ ನಂಜು ದಾಟಿ ಆಗಿರುತ್ತದೆ. ಚಳಿ, ಗಾಳಿಯ ಸ್ಕಾಟ್ಲೆಂಡಿನಲ್ಲಿ ಹೇನು ಕಡಿಮೆ. ಅಲ್ಲಿನ ಬಿತ್ತನೆಯ ಗುಟ್ಟು ಇದೇ.

ಭಾರತದ ದಾರಿ

ಭಾರತದಲ್ಲೂ ಬಹುಕಾಲ ಆರೋಗ್ಯವಂತ ಬಿತ್ತನೆಗೆ ಬೆಟ್ಟಸೀಮೆಯನ್ನೇ ನೆಚ್ಚಬೇಕಿತ್ತು. 1949ರಲ್ಲಿ ಪಟ್ನಾದಲ್ಲಿ ಆರಂಭವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಈ ಅವಲಂಬನೆ ತಗ್ಗಿಸಿತು. ಉತ್ತರದ ಬಯಲಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹೇನು ತೀರಾ ಕಡಿಮೆ ಎಂಬುದನ್ನು ಆಧರಿಸಿ ಈ ಸಂಸ್ಥೆಯ ವಿಜ್ಞಾನಿ ಪುಷ್ಕರನಾಥ್ ಬಿತ್ತನೆ ತಾಕಿನ ವಿಧಾನ ರೂಪಿಸಿದರು. ಪರೀಕ್ಷಿಸಿದ ಗೆಡ್ಡೆಯನ್ನು ಅಕ್ಟೋಬರ್‌ನಲ್ಲೇ ನಾಟಿ ಮಾಡಬೇಕು. ರೋಗದ ಗಿಡಗಳನ್ನು ಗೆಡ್ಡೆಸಮೇತ ಕಿತ್ತೆಸೆಯಬೇಕು. 100 ಎಲೆಗೆ 20 ಹೇನು ಮುಟ್ಟುವ ಮೊದಲೇ, ಜನವರಿ ಆರಂಭದ ಹೊತ್ತಿಗೆ, ಗಿಡವನ್ನು ನೆಲಮಟ್ಟಕ್ಕೆ ಕೊಯ್ಯಬೇಕು. ಸಿಪ್ಪೆ ಗಟ್ಟಿಯಾದ ಮೇಲೆ ಗೆಡ್ಡೆ ಅಗೆಯಬೇಕು. ಸ್ಕಾಟ್ಲೆಂಡಿಗೆ ನೆಲದಿಂದ ದೊರೆತ ರಕ್ಷಣೆಯನ್ನು ಇಲ್ಲಿ ತಿಂಗಳುಗಳ ಲೆಕ್ಕಾಚಾರದಿಂದ ಪಡೆಯಲಾಯಿತು. ಎಳೆ ಗೆಡ್ಡೆಯ ಬಗೆಗಿನ ಹಳೆಯ ತಿಳಿವಿಗೂ ಖಚಿತ ಆಧಾರ ಸಿಕ್ಕಂತಾಯಿತು.

ಹಾಸನದ ರೈತರು ಉತ್ತರದ ಬಯಲಿನ ಜಲಂಧರ್‌ನಿಂದ ಬಂದ ಬಿತ್ತನೆಯನ್ನು ಪ್ರತಿವರ್ಷ ಕೊಳ್ಳುವುದರ ಹಿನ್ನೆಲೆ ಇದೇ. ಮುಂಗಾರಿನಲ್ಲಿ ಆಲೂ ಬೆಳೆಯುವ ದಖ್ಖನಿನಲ್ಲಿ ಹೇನಿಲ್ಲದ ಅಂಥ ದೀರ್ಘ ಅವಧಿ ಸಿಗುವುದಿಲ್ಲ. ಸ್ವಂತ ಗೆಡ್ಡೆಯನ್ನೇ ಉಳಿಸಿ ಬಿತ್ತಿದರೆ ನಂಜು ಬೇಗ ಕೂಡಿಕೊಳ್ಳುತ್ತದೆ. ಇದಕ್ಕೊಂದು ದಾರಿ ಪ್ರಯೋಗಾಲಯದಲ್ಲಿದೆ: ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ 1955ರಲ್ಲಿ ಬೆಳವಣಿಗೆಯ ತುದಿಯ ಅಂಗಾಂಶದಿಂದ ನಂಜುಮುಕ್ತ ಆಲೂ ಗಿಡ ಪಡೆದಿದ್ದರು. ಅಂಗಾಂಶ ಕೃಷಿಯ ಗಿಡದ ಕುಡಿ ಕತ್ತರಿಸಿ ಬೇರು ಬರಿಸಿದ ಸಸಿಗಳು ಹಾಸನ ಭಾಗಕ್ಕೂ ಬಂದಿವೆ. ಆದರೆ ಶುದ್ಧ ಸಸಿ ಆರಂಭ ಮಾತ್ರ. ಹೊಲಕ್ಕಿಳಿದ ದಿನದಿಂದ ಹೇನಿನ ಎಣಿಕೆ, ರೋಗದ ಗಿಡ ಕೀಳುವುದು, ಎಷ್ಟು ತಲೆಮಾರು ಮರುಬಿತ್ತಬಹುದೆಂಬ ಮಿತಿ ಇವು ತಪ್ಪಿದರೆ ಅದೂ ಕೆಲವೇ ವರ್ಷಗಳಲ್ಲಿ ನಂಜೇರಿದ ಗೆಡ್ಡೆಯಾಗುತ್ತದೆ. ನಮ್ಮ ರಾಜ್ಯಕ್ಕೆ ತನ್ನದೇ ಬಿತ್ತನೆ ಸರಪಳಿ ಬೇಕೆಂದರೆ ಪ್ರಯೋಗಾಲಯದ ಮೇಲೆ ಹೂಡುವಷ್ಟೇ ಹಣವನ್ನು ಹೊಲದ ತಪಾಸಣೆಯ ಮೇಲೂ ಹೂಡಬೇಕು.