705ಕ್ಕೆ 707: 1982ರ ರಣಜಿ ಅಂತಿಮ ಪಂದ್ಯ

ಅಂದು ಬಿಜಾಪುರ ಎನಿಸಿಕೊಂಡಿದ್ದ ವಿಜಯಪುರ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ, ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ಕ್ರಿಕೆಟ್ ತಂಡವನ್ನು ತಮ್ಮದೆಂದು ಕರೆಯಲು ವಿಜಯಪುರ ನಗರದವರಿಗಾಗಲಿ, ಈಗ ಪ್ರತ್ಯೇಕ ತಾಲೂಕುಗಳಾಗಿರುವ ತಿಕೋಟಾ, ಬಬಲೇಶ್ವರಗಳ ಜನರಿಗಾಗಲಿ ಆಡಳಿತದ ಆಧಾರವೇ ಇರಲಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಋತುವಿನಲ್ಲೇ, ಸತತ 15 ವರ್ಷ ಪ್ರಶಸ್ತಿಯನ್ನು ಬಿಟ್ಟುಕೊಡದಿದ್ದ ಮುಂಬಯಿಯನ್ನು ಸೆಮಿಫೈನಲಿನಲ್ಲಿ ಮಣಿಸಿದ ತಂಡವು ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದುಕೊಂಡಿತು. ಬಡಗಣ ಜಿಲ್ಲೆಗಳಿಗೂ ಪಾಲಿದ್ದ ಆ ಹೆಸರಿನ ತಂಡ ಎಂಟು ವರ್ಷಗಳ ಬಳಿಕ ದಿಲ್ಲಿಯಲ್ಲಿ ಆಡಿದ ಅಂತಿಮ ಪಂದ್ಯ, ಭಾರತೀಯ ದೇಶೀಯ ಕ್ರಿಕೆಟಿನ ಅತಿ ನಿಕಟ ಸ್ಪರ್ಧೆಗಳಲ್ಲೊಂದು.

ಆ ನಿಕಟತೆಯನ್ನು ಅರಿಯಲು ಒಂದು ನಿಯಮವನ್ನು ತಿಳಿದಿರಬೇಕು. 1934-35ರಲ್ಲಿ ಆರಂಭವಾದ ರಣಜಿ ಪಂದ್ಯಾವಳಿಯ ನಾಕೌಟ್ ಪಂದ್ಯಗಳಲ್ಲಿ ನಿಗದಿತ ಅವಧಿಯೊಳಗೆ ಎರಡೂ ತಂಡಗಳ ಎರಡೆರಡು ಸರದಿಗಳು ಮುಗಿದು ಫಲಿತಾಂಶ ಬಾರದಿದ್ದರೆ, ಮೊದಲ ಇನಿಂಗ್ಸಿನಲ್ಲಿ ಎದುರಾಳಿಗಿಂತ ಹೆಚ್ಚು ಓಟ ಗಳಿಸಿದ ತಂಡವನ್ನು ಮುಂದಿನ ಹಂತಕ್ಕೆ ಅಥವಾ ಪ್ರಶಸ್ತಿಗೆ ಅರ್ಹವೆಂದು ಪರಿಗಣಿಸಲಾಗುತ್ತದೆ. ಇದನ್ನೇ ಮೊದಲ ಇನಿಂಗ್ಸ್ ಮುನ್ನಡೆ ಎನ್ನುತ್ತಾರೆ. ಹೀಗಾಗಿ ಕಾಗದದ ಮೇಲೆ ಡ್ರಾ ಎಂದು ದಾಖಲಾದ ಆಟವೂ ಒಂದು ತಂಡಕ್ಕೆ ಪ್ರಶಸ್ತಿಯನ್ನೂ ಇನ್ನೊಂದಕ್ಕೆ ಬರಿಗೈಯನ್ನೂ ಕೊಡಬಲ್ಲದು.

1978-79ರ ಫೈನಲಿನಲ್ಲಿ ಬೆಂಗಳೂರಿನಲ್ಲೇ ಕರ್ನಾಟಕವನ್ನು 399 ಓಟಗಳಿಂದ ಸೋಲಿಸಿದ್ದ ದಿಲ್ಲಿ, 1981-82ರ ಋತುವಿನ ಕೊನೆಗೆ ತನ್ನ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ಮತ್ತೆ ಅದೇ ಎದುರಾಳಿಯನ್ನು ಎದುರಿಸಿತು. ಬ್ರಿಜೇಶ್ ಪಟೇಲ್ 124, ಸಯ್ಯದ್ ಕಿರ್ಮಾನಿ 116, ರೋಜರ್ ಬಿನ್ನಿ 115 ಮತ್ತು ರಂಜಿತ್ ಖಾನ್ವಿಲ್ಕರ್ 113 ಹೊಡೆದು, ಒಂದೇ ಸರದಿಯಲ್ಲಿ ನಾಲ್ಕು ಶತಕಗಳನ್ನು ಕಂಡ ಕರ್ನಾಟಕ 705 ಓಟಗಳಿಗೆ ಆಲೌಟಾಯಿತು. ಇಷ್ಟು ಓಟಗಳನ್ನು ಎದುರಾಳಿಗೆ ಬೆನ್ನಟ್ಟಲು ಬಿಟ್ಟ ತಂಡ ಸೋಲುವುದುಂಟೇ ಎಂಬ ಪ್ರಶ್ನೆ ಸಹಜವಾಗಿತ್ತು. ಮೊಹಿಂದರ್ ಅಮರನಾಥ್ 185, ಗುರುಶರಣ್ ಸಿಂಗ್ 101, ಚೇತನ್ ಚೌಹಾನ್ 98 ಗಳಿಸಿಯೂ ದಿಲ್ಲಿಯ ಎಂಟನೆಯ ವಿಕೆಟ್ 589ಕ್ಕೆ ಉರುಳಿದಾಗ, ಮುನ್ನಡೆಗೆ ಇನ್ನೂ 117 ಓಟ ಬೇಕಿದ್ದವು, ಉಳಿದಿದ್ದವು ಎರಡೇ ವಿಕೆಟ್. ಆಗ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಒಂಬತ್ತನೆಯ ವಿಕೆಟಿಗೆ ಮುರಿಯದ 118 ಓಟ ಸೇರಿಸಿ, ಕ್ರಮವಾಗಿ 69 ಮತ್ತು 67ಕ್ಕೆ ಔಟಾಗದೆ ಉಳಿದು, ಮೊತ್ತವನ್ನು 8 ವಿಕೆಟಿಗೆ 707ಕ್ಕೆ ಮುಟ್ಟಿಸಿದರು. ಎರಡು ತಂಡಗಳು ಒಟ್ಟು 1412 ಓಟ ಗಳಿಸಿದ್ದರೂ, ಪ್ರಶಸ್ತಿಯನ್ನು ನಿರ್ಧರಿಸಿದ್ದು ಎರಡೇ ಓಟಗಳ ಅಂತರ.

ಕರ್ನಾಟಕದ ಈ ಸೋಲನ್ನು ಬ್ಯಾಟಿಂಗಿನ ತಲೆಗೆ ಕಟ್ಟಲಾಗದು; ಕೊನೆಯ ಎರಡು ವಿಕೆಟ್ ಕೀಳಲಾಗದ ಬೌಲಿಂಗೇ ಅದರ ಕಾರಣ. ಆದರೂ ಜನಸ್ಮೃತಿ ನಾಲ್ಕು ಶತಕಗಳನ್ನು ಹಿಡಿದಿಟ್ಟಷ್ಟು ಭದ್ರವಾಗಿ ಶುಕ್ಲಾ–ಪೀಟರ್ ಜತೆಯಾಟವನ್ನು ಇಲ್ಲಿ ಹಿಡಿದಿಟ್ಟಿಲ್ಲ, ಸೋತ ಕಡೆಯವರು ಎದುರಾಳಿಯ ಬಾಲಂಗೋಚಿಗಳನ್ನು ನೆನೆಯುವುದು ಎಲ್ಲಿಯಾದರೂ ಅಪರೂಪವೇ ತಾನೆ.  

ಪ್ರಶಸ್ತಿಯನ್ನು ಕೈತಪ್ಪಿಸಿದ ಆ ನಿಯಮವೇ ಮರುವರ್ಷ ಕೈಹಿಡಿಯಿತು: 1982-83ರ ಫೈನಲಿನಲ್ಲಿ ಮುಂಬಯಿಯ ಎದುರು ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದಲ್ಲೇ ಕರ್ನಾಟಕ ತನ್ನ ಮೂರನೆಯ ರಣಜಿ ಪ್ರಶಸ್ತಿಯನ್ನು ಪಡೆಯಿತು.