ಒಬ್ಬಟ್ಟು ಮತ್ತು ಬೀಸುವ ಕಲ್ಲು

ಯುಗಾದಿಯ ಬೆಳಗಿನಲ್ಲಿ ಹರವೆಯ ಸೀಮೆಗೆ ಹೋದವರಿಗೆ ಎರಡು ನೋಟಗಳು ಕಾಣಸಿಗುತ್ತವೆ. ಒಂದು ಊರ ಹೊರಗಿನದು: ಎತ್ತು ಉಳಿಸಿಕೊಂಡಿರುವ ಮನೆಯವರು ಮೈತೊಳೆದ ಎತ್ತುಗಳಿಗೆ ಪೂಜೆಮಾಡಿ, ಹೊನ್ನಾರು ಹೂಡಿ, ವರ್ಷದ ಮೊದಲ ಸಾಲನ್ನು ಹೊಡೆಯುವುದು. ಇನ್ನೊಂದು ಮನೆಯ ಒಳಗಿನದು: ಬೆಂದ ತೊಗರಿಬೇಳೆಯ ಕಟ್ಟನ್ನು ಬಸಿದು, ಬೇಳೆಗೆ ಬೆಲ್ಲ ಸೇರಿಸಿ, ಹೂರಣ ಅರೆಯುವುದು. ಮೊದಲನೆಯದನ್ನು ನೋಡಿ ನಾವು ಸಂಪ್ರದಾಯವೆನ್ನುತ್ತೇವೆ. ಎರಡನೆಯದನ್ನು ಅಡಿಗೆಯೆಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಚರಿತ್ರೆಯನ್ನು ಹುಡುಕುವವನು ಹೊಲಕ್ಕೆ ಎಷ್ಟು ಋಣಿಯೋ ಒಲೆಗೂ ಅಷ್ಟೇ ಋಣಿ. ಈ ಮಾತನ್ನು ಸ್ವಲ್ಪ ವಿವರಿಸಬೇಕಾಗಿದೆ.

ಹಬ್ಬದ ದಿನ ಪಂಚಾಂಗ ಕೇಳುವ ಪದ್ಧತಿ ನಮ್ಮಲ್ಲುಂಟು. ಶಾಲಿವಾಹನ ಶಕ ಇಂತಿಷ್ಟನೆಯದು, ಸಂವತ್ಸರದ ಹೆಸರು ಇಂಥದು ಎಂದು ಓದುವವರು ಓದುತ್ತಾರೆ. ಕೇಳುವವರು ಮಳೆ ಬೆಳೆಗಳ ಮಾತು ಯಾವಾಗ ಬರುವುದೋ ಎಂದು ಕಾದಿರುತ್ತಾರೆ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ ಎಂಬ ಇದೇ ಕ್ರಮವನ್ನು ನಮ್ಮ ಶಾಸನಗಳಲ್ಲಿಯೂ ಕಾಣುತ್ತೇವೆ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಕಲ್ಲುಬರಹಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 4ನೆಯ ಸಂಪುಟದಲ್ಲಿ 1898ರಲ್ಲಿ ಪ್ರಕಟಿಸಿದರು. ಈ ಸೀಮೆಯನ್ನು ಗಂಗರು, ಹೊಯ್ಸಳರು, ವಿಜಯನಗರದವರು, ಉಮ್ಮತ್ತೂರಿನ ಒಡೆಯರು, ಮೈಸೂರಿನ ಅರಸರು ಆಳಿ ಹೋದರು. ದಾನ ಕೊಟ್ಟವರ ಹೆಸರು, ಪಡೆದವರ ಹೆಸರು, ಭೂಮಿಯ ಎಲ್ಲೆಕಟ್ಟು, ಖಂಡುಗ ಕೊಳಗಗಳ ಲೆಕ್ಕ, ದಾನವನ್ನು ಕೆಡಿಸಿದವನಿಗೆ ಬರುವ ಪಾಪ, ಇವೆಲ್ಲ ಕಲ್ಲಿನ ಮೇಲೆ ಉಳಿಯುತ್ತವೆ. ಆ ಖಂಡುಗದ ಕಾಳನ್ನು ಕುಟ್ಟಿದವಳು ಯಾರು, ಕೇರಿದವಳು ಯಾರು, ಬೇಯಿಸಿದವಳು ಯಾರು ಎಂಬುದನ್ನು ಮಾತ್ರ ಯಾವ ಅರಸನೂ ಕೆತ್ತಿಸಲಿಲ್ಲ.

ಕಲ್ಲು ಬಿಟ್ಟದ್ದನ್ನು ಕಾವ್ಯ ಸ್ವಲ್ಪಮಟ್ಟಿಗೆ ತುಂಬಿಕೊಟ್ಟಿದೆ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಬಾವಿಯ ನೀರು, ಗಿಡಮರಗಳ ಆರೈಕೆ ಇವುಗಳ ಜೊತೆಗೆ ಅಡಿಗೆಗೂ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಸುಮಾರು 1508ರಲ್ಲಿ ಕಲ್ಲಹಳ್ಳಿಯ ಒಡೆಯನಾದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಇಡೀ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಕಾಯಿಪಲ್ಯಗಳು ಎಂದು ಅವನದು ಸಮೃದ್ಧವಾದ ಬಾಣಸು. ಆದರೆ ಅವನ ಅಡಿಗೆಮನೆಯಲ್ಲಿ ನಾವಿಂದು ಹುಡುಕಿದರೂ ಸಿಕ್ಕದ ಒಂದು ವಸ್ತುವುಂಟು. ಅದು ಮೆಣಸಿನಕಾಯಿ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಕಡಲು ದಾಟಿ ಬಂದದ್ದು. ಅದಕ್ಕೆ ಮುಂಚೆ ಕನ್ನಡಿಗನಿಗೆ ಖಾರವೆಂದರೆ ಮೆಣಸು. ಹೊಸದಾಗಿ ಬಂದ ಕಾಯಿಗೆ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗದೆ, ಹಳೆಯ ಮೆಣಸಿನ ಬೆನ್ನಿಗೇ ಅದನ್ನು ಕಟ್ಟಿ ‘ಮೆಣಸಿನಕಾಯಿ’ ಎಂದರು. ಇಂದು ಅದಿಲ್ಲದೆ ಸಾರೇ ಇಲ್ಲ! ಅಜ್ಜಿಯ ಕಾಲದಿಂದ ಬಂದದ್ದೆಂದು ನಾವು ಹೇಳುವ ಒಬ್ಬಟ್ಟಿನ ಸಾರಿನೊಳಗೆ ಹೀಗೆ ಒಂದು ಕಡಲಯಾನವೇ ಅಡಗಿದೆ.

ರಾಗಿಯ ಪಯಣ ಇದಕ್ಕಿಂತ ಬಹು ಹಳೆಯದು. ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ ಮೊದಲು ಬೇಸಾಯಕ್ಕೆ ಬಂದ ಈ ಕಾಳು ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ನಾಡಿಗೆ ಬಂದು, ಇಲ್ಲಿಯದೇ ಆಗಿಹೋಯಿತು. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೊನೆಗೆ ರಾಗಿಗೇ ಗೆಲುವು ಕೊಡಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಸೆರೆಯಲ್ಲಿ ಅಕ್ಕಿ ಕಂದಿತು, ರಾಗಿ ಕಂದಲಿಲ್ಲ ಎಂಬ ಆ ಕಲ್ಪನೆಯ ಹಿಂದೆ ಒಕ್ಕಲಿಗನ ಅನುಭವವಿದೆ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಮಳೆಯನ್ನೇ ನಂಬಿದ ಸೀಮೆಯಲ್ಲಿ, ಮಳೆ ಕೈಕೊಟ್ಟ ವರ್ಷ ಜೀವ ಉಳಿಸುವ ಕಾಳಿಗೆ ಕವಿ ರಾಮನ ಹೆಸರನ್ನೇ ಇಟ್ಟದ್ದು ಅತಿಶಯವಲ್ಲ. ನಮ್ಮ ಕಡೆ ರಾಗಿಮುದ್ದೆಯನ್ನು ಬರಿದೆ ‘ಹಿಟ್ಟು’ ಎಂದು ಕರೆಯುವುದುಂಟು. ಹಿಟ್ಟು ಎಂದರೆ ಊಟ. ಬೇರೆ ವಿಶೇಷಣ ಬೇಕಿಲ್ಲ.

ಇರಲಿ, ಹಬ್ಬದ ಅಡಿಗೆಗೆ ಬರೋಣ. ಒಬ್ಬಟ್ಟನ್ನು ಕೊಂಡು ತರಬಹುದು. ಈಚೆಗೆ ಪಟ್ಟಣಗಳಲ್ಲಿ ಅದರ ಅಂಗಡಿಗಳೇ ಇವೆ. ಆದರೆ ಅಂಗಡಿಯ ಒಬ್ಬಟ್ಟಿನ ಜೊತೆ ಒಬ್ಬಟ್ಟಿನ ಸಾರು ಬರುವುದಿಲ್ಲ. ಆ ಸಾರು ಮನೆಯಲ್ಲಿ ಬೇಳೆ ಬೇಯಿಸಿದವರಿಗೆ ಮಾತ್ರ ದಕ್ಕುವ ಪ್ರಸಾದ. ಬಸಿದ ಕಟ್ಟನ್ನು ಚೆಲ್ಲದೆ, ಅದಕ್ಕೆ ಒಂದು ಹಿಡಿ ಹೂರಣ, ಹುಣಿಸೆ, ಖಾರ ಸೇರಿಸಿ ಕುದಿಸಿದ ಬುದ್ಧಿ ಬಡತನದಲ್ಲಿ ಹುಟ್ಟಿದ್ದು. ಬೇಳೆ ಯಾವಾಗ ಸಾಕಷ್ಟು ಬೆಂದಿತು, ಕಣಕ ಎಷ್ಟು ಹೊತ್ತು ನೆನೆಯಬೇಕು, ಹೂರಣ ಯಾವ ಹದಕ್ಕೆ ಬಂದರೆ ತಟ್ಟುವಾಗ ಒಡೆಯುವುದಿಲ್ಲ, ಇವನ್ನು ಪುಸ್ತಕದಿಂದ ಕಲಿತವರು ಕಡಮೆ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬೆರಳ ತುದಿಯಲ್ಲಿ ಇದು ನಡೆದು ಬಂದಿದೆ. ಒಂದು ತಲೆಮಾರು ಕೈಬಿಟ್ಟರೆ ಆ ಸರಪಳಿ ಅಲ್ಲಿಗೇ ಕಡಿಯಿತು.

ಅಡಿಗೆ ಹೀಗೆ ಕೈಯಲ್ಲಿ ಉಳಿದರೆ, ಅಡಿಗೆಯ ಸಾಮಾನು ಎಲ್ಲಿ ಉಳಿಯಬೇಕು? ನಮ್ಮ ನಾಡಿನಲ್ಲಿ ವಸ್ತುಸಂಗ್ರಹಾಲಯಗಳು ಹುಟ್ಟಿದಾಗ ಈ ಪ್ರಶ್ನೆ ಯಾರಿಗೂ ಹೊಳೆದಂತಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಸ್ಥಾಪನೆಯಾಯಿತು. ಶಿಲ್ಪ, ಶಾಸನ, ನಾಣ್ಯಗಳು ಅಲ್ಲಿ ಗೌರವದ ಸ್ಥಾನ ಪಡೆದವು. ಅರಸನ ಕತ್ತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಸಹಜವಾಗಿ ತೋರಿತು. ಒಕ್ಕಲಗಿತ್ತಿಯ ಒನಕೆಯನ್ನಿಡುವುದು ನಗೆಪಾಟಲೆನಿಸುತ್ತಿತ್ತೋ ಏನೋ. ದೂರದ ಸ್ವೀಡನ್ ದೇಶದಲ್ಲಿ ಆರ್ಟೂರ್ ಹಾಸೆಲಿಯಸ್ ಎಂಬಾತನು 1891ರಲ್ಲಿ ಸ್ಟಾಕ್‌ಹೋಮ್ ನಗರದ ಒಂದು ದಿಬ್ಬದ ಮೇಲೆ ಹಳ್ಳಿಯ ಮನೆಗಳನ್ನೇ ಕಿತ್ತು ತಂದು ನಿಲ್ಲಿಸಿ, ‘ಸ್ಕಾನ್ಸೆನ್’ ಎಂಬ ಬಯಲು ಸಂಗ್ರಹಾಲಯವನ್ನು ತೆರೆದನು. ಕಾರ್ಖಾನೆಗಳ ಕಾಲ ಹಳ್ಳಿಯ ಬಾಳನ್ನು ಅಳಿಸುವ ಮುನ್ನ ಅದನ್ನು ಉಳಿಸಬೇಕೆಂಬುದು ಅವನ ಆತುರವಾಗಿತ್ತು.

ಆ ಆತುರ ನಮ್ಮಲ್ಲಿ ಮೊದಲು ಹುಟ್ಟಿದ್ದು ಹಾಡಿನ ವಿಷಯದಲ್ಲಿ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಬೀಸುವ ಕಲ್ಲಿನ ಮುಂದೆ ಹುಟ್ಟಿದಂಥ ತ್ರಿಪದಿಗಳು ಹೀಗೆ ಅಚ್ಚಿನಲ್ಲಿ ಉಳಿದವು. ಕಲ್ಲಿನ ಸರದಿ ಬರಲು ಇನ್ನೂ ಮೂರು ನಾಲ್ಕು ದಶಕ ಬೇಕಾಯಿತು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ದೇ. ಜವರೇಗೌಡರ ಬೆಂಬಲ, ಜೀ. ಶಂ. ಪರಮಶಿವಯ್ಯನವರ ಪಾಂಡಿತ್ಯ, ಚಿತ್ರಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರ ಶ್ರಮ ಈ ಕೆಲಸದಲ್ಲಿ ಕೂಡಿದವು. ದೀಪಗಳು, ಅಡಿಗೆಯ ಪಾತ್ರೆಗಳು, ಬೇಸಾಯದ ಉಪಕರಣಗಳು, ತೊಗಲುಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು ಎಂದು ಸಂಗ್ರಹ ಬೆಳೆದು 6,500ಕ್ಕೂ ಮೀರಿತು. ಮುಂದೆ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ‘ಜಾನಪದ ಲೋಕ’ವನ್ನು 1994ರಲ್ಲಿ ಕಟ್ಟಿ ನಿಲ್ಲಿಸಿದರು.

ಮೈಸೂರಿನ ಸಂಗ್ರಹಕ್ಕೆ ಮನೆಯಾದ ಕಟ್ಟಡದ ಕಥೆಯೂ ಸ್ವಾರಸ್ಯವಾಗಿದೆ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸವನ್ನು 1905ರಲ್ಲಿ ಕಟ್ಟಿಸಿದ್ದು ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳಾದ ಜಯಲಕ್ಷಮ್ಮಣ್ಣಿಯವರಿಗಾಗಿ. ಅರಸುಮಗಳ ಆ ಸೌಧದೊಳಗೆ ಒಂದು ಕಾಲಕ್ಕೆ ಹಳ್ಳಿಯ ಹೆಂಗಸು ಕಾಲಿಡುವುದೇ ಕಷ್ಟವಾಗಿದ್ದಿರಬೇಕು. ಅವಳು ಬಳಸಿದಂಥ ಸಾಮಾನುಗಳು ಮುಂಬಾಗಿಲಿನಿಂದಲೇ ಒಳಗೆ ಬಂದವು. ನಮ್ಮ ನಾಡಿನ ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಹಾಗೆಂದು ಸಾಮಾನು ಒಂದೇ ಎಲ್ಲವನ್ನೂ ಹೇಳಲಾರದು. ಇಂಥ ಒಂದು ಸಂಗ್ರಹಾಲಯಕ್ಕೆ ನಾವು ಒಮ್ಮೆ ಮಕ್ಕಳ ಜೊತೆಗೆ ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆವು. ದೊಡ್ಡದೊಂದು ಬೀಸುವ ಕಲ್ಲಿನ ಮುಂದೆ ಅಜ್ಜಿ ನಿಂತರು. “ಇದು ಎರಡಾಳಿನ ಕಲ್ಲು ಕನಪ್ಪ. ಒಬ್ಬಳೇ ಬೀಸುದ್ರ ರಟ್ಟೆ ಬಿದ್ದೋಯ್ತದ” ಎಂದರು. ಆಮೇಲೆ ತಾವೂ ನಾದಿನಿಯೂ ಎದುರುಬದುರು ಕುಳಿತು, ಕೋಳಿ ಕೂಗುವ ಮೊದಲೇ ಮನೆಮಂದಿಗೆಲ್ಲ ಆಗುವಷ್ಟು ರಾಗಿ ಬೀಸುತ್ತಿದ್ದುದನ್ನು ಹೇಳಿದರು. ಹಾಡು ಹೇಳುತ್ತಿದ್ದಿರಾ ಎಂದು ಮೊಮ್ಮಗಳು ಕೇಳಿದಳು. “ಹೇಳ್ದೆ ಇದ್ರ ನಿದ್ದ ಬಂದುಬುಡದು” ಎಂದು ಅಜ್ಜಿ ನಕ್ಕರು.

ಆ ನಗೆಯಲ್ಲಿ ನಮಗೊಂದು ಎಚ್ಚರಿಕೆಯೂ ಇತ್ತು. ಬೀಸುವ ಪದಗಳನ್ನು ಓದಿ ತಲೆದೂಗುವ ನಾವು, ಅವು ಹುಟ್ಟಿದ್ದು ದಣಿವಿನಲ್ಲಿ ಎಂಬುದನ್ನು ಮರೆಯುತ್ತೇವೆ. ಹಿಟ್ಟಿನ ಗಿರಣಿ ಬಂದಾಗ ಹಾಡು ನಿಂತಿತೆಂದು ಪಂಡಿತರು ಮರುಗಿದರು. ಬೀಸುತ್ತಿದ್ದ ಹೆಂಗಸರು ಮರುಗಿದಂತೆ ಕೇಳಿಲ್ಲ. ಗಿರಣಿ ಅವರಿಗೆ ನಸುಕಿನ ನಿದ್ದೆಯನ್ನು ಹಿಂದಿರುಗಿಸಿತು. ಆ ದಿನಗಳು ಮರಳಿ ಬರಲಿ ಎಂದು ಬಯಸುವುದು ತಪ್ಪು. ಆದರೆ ಆ ಶ್ರಮವನ್ನು ಮರೆಯುವುದು ಇನ್ನೂ ದೊಡ್ಡ ತಪ್ಪು. ಶಾಸನಗಳು ಅವರ ಹೆಸರನ್ನು ಬರೆಯಲಿಲ್ಲ. ನಾವೂ ಬರೆಯದೆ ಹೋದರೆ ನಮಗೂ ಆ ಹಳೆಯ ಅರಸರಿಗೂ ಏನು ವ್ಯತ್ಯಾಸ? ಕಲ್ಲು ಎರಡಾಳಿನದೋ ಒಂದಾಳಿನದೋ ಎಂಬುದನ್ನು ಬಲ್ಲವರು ಇಂದು ಎಂಬತ್ತರ ಆಚೆಗಿದ್ದಾರೆ. ಅವರು ಹೋದಮೇಲೆ ಕಲ್ಲು ಇರುತ್ತದೆ. ಅದನ್ನು ಓದುವವರು ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಈ ಕಲ್ಲು ಹಿತ್ತಲಿಗೆ ಬಿದ್ದು, ಬಟ್ಟೆ ಒಗೆಯುವುದಕ್ಕೋ ಗೋಡೆಗೆ ಆಸರೆಯಾಗಿಯೋ ಉಳಿದಿದೆ.

ಹಳೆಯ ಮೈಸೂರಿನ ಸೀಮೆಯಲ್ಲಿ ಯುಗಾದಿಯ ಮರುದಿನವನ್ನು ಹೊಸತೊಡಕು ಎನ್ನುತ್ತಾರೆ. ಮಾಂಸ ತಿನ್ನುವ ಮನೆಗಳಲ್ಲಿ ಅಂದು ಬಾಡೂಟದ ಸಂಭ್ರಮ. ತಿನ್ನದ ಮನೆಗಳಲ್ಲಿ ನಿನ್ನೆಯ ಒಬ್ಬಟ್ಟನ್ನು ಕಾಯಿಸಿ ತಿನ್ನುವ ಸುಖ. ಹೊಸತೊಡಕಿನ ದಿನ ಯಾವುದಕ್ಕೆ ತೊಡಗಿದರೆ ವರ್ಷವೆಲ್ಲ ಅದೇ ನಡೆಯುತ್ತದೆಂಬ ನಂಬಿಕೆಯಿಂದ, ಅಂದು ಜಗಳವಾಡಬಾರದು, ಅಳಬಾರದು ಎಂದು ಹಿರಿಯರು ಮಕ್ಕಳಿಗೆ ಹೇಳುವುದುಂಟು. ಈ ನಂಬಿಕೆಗೆ ಇನ್ನೊಂದು ಕೆಲಸವನ್ನೂ ಸೇರಿಸಬಹುದೆಂದು ನಮ್ಮ ಅರಿಕೆ. ಹಬ್ಬದ ಅಡಿಗೆಯನ್ನು ಮನೆಯಲ್ಲೇ ಮಾಡುವುದು. ಹೂರಣ ಅರೆಯುವಾಗ ಮಕ್ಕಳನ್ನು, ಗಂಡುಮಕ್ಕಳನ್ನೂ ಸೇರಿಸಿ, ಹತ್ತಿರ ಕೂರಿಸಿಕೊಳ್ಳುವುದು. ಆ ವಾರದಲ್ಲಿ ಒಂದು ದಿನ, ಬಾಗಿಲು ತೆರೆದಿರುತ್ತದೆಯೇ ಎಂದು ವಿಚಾರಿಸಿಕೊಂಡು, ಬಸ್ಸಿನಲ್ಲೋ ಚಾಮರಾಜನಗರದ ರೈಲಿನಲ್ಲೋ ಮೈಸೂರಿಗೆ ಹೋಗಿ ಬರುವುದು. ಹೋಗುವಾಗ ಬುತ್ತಿಯಲ್ಲಿ ಮಿಕ್ಕ ಒಬ್ಬಟ್ಟಿರಲಿ, ಜೊತೆಯಲ್ಲಿ ಅಜ್ಜಿಯಿರಲಿ. ವಸ್ತುವಿನ ಮುಂದೆ ಹಾಕಿದ ಚೀಟಿ ಅದರ ಹೆಸರನ್ನು ಹೇಳುತ್ತದೆ. ಅದರ ಭಾರವನ್ನು ಹೇಳಬಲ್ಲವರು ಅವರೇ.

ಅಜ್ಜಿಯಿಲ್ಲದ ಮನೆಯವರು ಏನು ಮಾಡಬೇಕು? ಹಿತ್ತಲಿಗೆ ಹೋಗಿ ಆ ಕಲ್ಲನ್ನು ತೊಳೆದು, ನೆಟ್ಟಗೆ ನಿಲ್ಲಿಸಿ, ಅದನ್ನು ಬೀಸಿದವರ ಹೆಸರನ್ನು ಮಕ್ಕಳಿಗೆ ಹೇಳಲಿ. ಹೊಸ ವರ್ಷದ ಮೊದಲ ಕೆಲಸಕ್ಕೆ ಅಷ್ಟು ಸಾಕು.